ವೆಲ್ಡಿಂಗ್ ಮಷಿನ್ನಿಗೆ ಗಾಲಿ ಬಂದ ಕಥಿ

ಹೋದ ತಿಂಗಳ ಬೀಸುಕಲ್ಲಿನ ಬಗ್ಗೆ ಬರದಿದ್ದೆ ನೋಡ್ರಿ. ಅದನ್ನ ಓದಿ ಹಿಂದಿನ ಓಣಿ ವೈನಿ ಕೇಳಿದ್ರು, "ಕಲ್ಲಿನ ಕಥಿ ಆತು. ನಿಮ್ಮ ಅಂಗಳದಾಗ ವೆಲ್ಡಿಂಗ್ ಮಷಿನ್ ಹೊತಗೊಂಡು ನಿಂತದಲ್ಲ, ಆ ನಾಕು ಗಾಲಿ ಗಾಡಿ, ಅದನ್ನ ಎಲ್ಲೆ ತಗೊಂಡ್ರಿ?" ಅದನ್ನ ಎಲ್ಲೂ ತಗೊಂಡಿಲ್ರಿ, ಮನ್ಯಾಗಽ ಮಾಡಿದ್ದು. ಅದರ ಕಥಿ ಹೇಳಬೇಕಂದ್ರ ಬರೀ ನಮ್ಮ ಅಂಗಳದ ಕಥಿ ಸಾಲಂಗಿಲ್ಲ, ನೂರು ವರ್ಷಕ್ಕಿಂತ ಹಿಂದ ಹೋಗಬೇಕು.

"ಇದು ಗಂಡಸರ ಸಾಮಾನಿನ ಕಥಿ, ನಮಗ್ಯಾಕ" ಅನಬ್ಯಾಡ್ರಿ. ಎಲ್ಲಾರ ಅಡಗಿ ಮನ್ಯಾಗೂ ಗ್ಯಾಸ್ ಸಿಲಿಂಡರಿನ ಕೆಳಗ ಒಂದು ಗಾಲಿ ಸ್ಟ್ಯಾಂಡ್ ಇರ್ತದ. ಸಿಲಿಂಡರಿನ್ಯಾಗ ಗ್ಯಾಸ್ 14.2 ಕಿಲೋ, ಕಬ್ಬಿಣ ಹಿಡದು ಸುಮಾರು 30 ಕಿಲೋ. ಆ ಸ್ಟ್ಯಾಂಡ್ ಇಲ್ಲದ ಕಾಲಕ್ಕ ಸಿಲಿಂಡರ್ ಬದಲಿ ಮಾಡಲಿಕ್ಕೆ ಗಂಡ ಬರೋ ತನಕ, ಇಲ್ಲಾ ಮಗ ಬರೋ ತನಕ ಕಾಯಬೇಕಿತ್ತು. ಈಗ ಕಾಲಿಲೆ ದೂಡಿದ್ರ ಸರೀತದ. ನಾನು ಹೇಳೋ ಮಾತೂ ಇಷ್ಟಽ ಅದ: ಒಂದು ಕೆಲಸದ ಸಾಮಾನಿಗೆ ಗಾಲಿ ಬಂತಂದ್ರ, ಆ ಕೆಲಸ ಯಾರು ಮಾಡಬಹುದು ಅನ್ನೋದಽ ಬದಲಾಗ್ತದ.

ಮೊದಲು ಕಂಬಾರರ ಕಡೆ ಬರೋಣ. ಕಬ್ಬಿಣಕ್ಕ ಕಬ್ಬಿಣ ಕೂಡಿಸೋದು ಹೊಸ ವಿದ್ಯಾ ಅಲ್ಲ. ಕುಲುಮಿಯೊಳಗ ಎರಡೂ ತುದಿ ಬೆಳ್ಳಗ ಆಗೋ ಹಂಗ ಕಾಸಿ, ಒಂದರ ಮ್ಯಾಲೊಂದು ಇಟ್ಟು, ಆರೋದ್ರೊಳಗ ಬಡದು ಬೆಸುಗಿ ಹಾಕತಿದ್ರು. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಾ ಕಟ್ಟೋದನ್ನ ನನ್ನ ವಾರಿಗೆಯವರು ಹಳ್ಳಿಯೊಳಗ ನೋಡಿರ್ತೀರಿ. ಉದ್ದನ್ನ ಪಟ್ಟಾ ಬಗ್ಗಿಸಿ, ತುದಿಗೆ ತುದಿ ಬೆಸದು ಬಳಿ ಮಾಡತಿದ್ರು. ಅದು ಕಟ್ಟಿಗಿ ಗಾಲಿಗಿಂತ ಒಂದು ಚೂರು ಸಣ್ಣದಿರ್ತಿತ್ತು. ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚಿದ್ರ ಬಳಿ ಕಾದು ಹಿಗ್ಗತಿತ್ತು. ಇಕ್ಕಳದಿಂದ ಎತ್ತಿ ಗಾಲಿಗೆ ಕೂಡಿಸಿ, ಒಮ್ಮೆಲೆ ನೀರು ಸುರೀತಿದ್ರು. ಕಬ್ಬಿಣ ಕುಗ್ಗಿ ಕಟ್ಟಿಗಿ ಬಿಗಿಯಾಗಿ ಹಿಡಕೋತಿತ್ತು. ಆ ಹೊತ್ತಿಗೆ ಕೊಡದಾಗ ನೀರು ಹೊತ್ತು ತಂದು ನಿಲ್ಲೋರು ಮನಿ ಹೆಣ್ಣುಮಕ್ಕಳು.

ಅಂದ್ರ ಹಿಂದಕ ಗಾಲಿಗೆ ಬೆಸುಗಿ ಬೇಕಾಗಿತ್ತು. ಬೆಸುಗಿಗೆ ಗಾಲಿ ಇರಲಿಲ್ಲ. ಕುಲುಮಿ ಇದ್ದಲ್ಲೇ ಇರೋದು, ಕೆಲಸ ಅದರ ಹತ್ರ ಹೋಗೋದು. ಕುಡಗೋಲು, ಕುಳ, ಹಾರಿ ಎಲ್ಲಾ ಕೈಯಾಗ ಹಿಡಕೊಂಡು ಹೋಗೋ ಸಾಮಾನು, ಅದಕ್ಕ ಆ ಪದ್ಧತಿ ನಡೀತು.

ಮುಂದ ಕರೆಂಟ್ ಬಂತು. 1881ರ ಸುಮಾರಿಗೆ ರಶಿಯಾದ ನಿಕೊಲಾಯ್ ಬೆನಾರ್ದೋಸ್ ಅನ್ನೋರು ಪ್ಯಾರಿಸ್ಸಿನ್ಯಾಗ ಇದ್ದಾಗ, ಇಂಗಾಲದ ಕಡ್ಡಿ ಮತ್ತ ಲೋಹದ ನಡುವ ಕರೆಂಟಿನ ಕಿಡಿ ಹಚ್ಚಿ ಲೋಹ ಕರಗಿಸಿ ಕೂಡಿಸಿದ್ರು. ಕಬ್ಬಿಣ ಕರಗಬೇಕಂದ್ರ ಸುಮಾರು 1,538 ಡಿಗ್ರಿ ಶಾಖ ಬೇಕು. ತಿದಿ ಒತ್ತಿ ಒತ್ತಿ ಕುಲುಮಿ ಕಾಸೋ ಬದಲಿ ಈ ಕಿಡಿ ಕಣ್ಣು ಪಿಳಕಿಸೋದ್ರಾಗ ಅಷ್ಟು ಶಾಖ ಕೊಡತದ. ಬೆನಾರ್ದೋಸ್ ಇದಕ್ಕ ಗ್ರೀಕರ ಕಂಬಾರ ದೇವರು ಹೆಫೆಸ್ಟಸ್‌ನ ಹೆಸರು ಸೇರಿಸಿ 'ಎಲೆಕ್ಟ್ರೋಗೆಫೆಸ್ಟ್' ಅಂತ ಕರದ್ರು. ಆ ದೇವರಿಗೆ ಕಾಲು ಕುಂಟು. ಹೋಮರನ ಇಲಿಯಡ್ ಕಾವ್ಯದಾಗ ಅವನು 20 ಮುಕ್ಕಾಲಿ ಪೀಠ ಮಾಡಿ, ಅವು ತಾವಽ ಓಡಾಡಲಿ ಅಂತ ಕೆಳಗ ಬಂಗಾರದ ಗಾಲಿ ಹಚ್ಚಿದ್ದ ಅಂತ ಬರ್ತದ. ನಡೀಲಿಕ್ಕೆ ತ್ರಾಸ ಇದ್ದವನಿಗೇ ಗಾಲಿ ವಿಚಾರ ಬಂತು ನೋಡ್ರಿ. ಆದ್ರ ಬೆನಾರ್ದೋಸರ ಕರೆಂಟು ಬರ್ತಿದ್ದದ್ದು ದೊಡ್ಡ ದೊಡ್ಡ ಬ್ಯಾಟರಿಯಿಂದ. ಅದನ್ನ ಅತ್ತಿತ್ತ ಒಯ್ಯೋ ಮಾತು ದೂರ.

ಆಮ್ಯಾಲೆ ಬಂತು 1888. ಈ ಇಸವಿ ನನಗ ಭಾಳ ಸೇರ್ತದ, ಯಾಕಂದ್ರ ನಮ್ಮ ಗಾಡಿಗೆ ಬೇಕಾದ ಮೂರು ದಾರಿ ಒಂದಽ ವರ್ಷ ಬಂದು ಕೂಡ್ಯಾವ.

ಮೊದಲನೇದು, ಅದಽ ವರ್ಷ ರಶಿಯಾದ ಪೆರ್ಮ್ ಊರಾಗ ನಿಕೊಲಾಯ್ ಸ್ಲಾವ್ಯಾನೋವ್ ಅನ್ನೋ ಎಂಜಿನಿಯರು ಇಂಗಾಲದ ಕಡ್ಡಿ ಬಿಟ್ಟು ಲೋಹದ ಕಡ್ಡಿನಽ ಹಿಡದು ಬೆಸುಗಿ ಹಾಕಿದ್ರು. ಕಡ್ಡಿ ತಾನಽ ಕರಗಿ ಜಾಯಿಂಟಿನ್ಯಾಗ ತುಂಬಕೋತದ. ಇವತ್ತು ಗೇಟಿನ ಕೆಲಸದವರ ಕೈಯಾಗ ಇರೋ 'ರಾಡು' ಅದರ ಮೊಮ್ಮಗ.

ಎರಡನೇದು, ಅದಽ ವರ್ಷ ಬೆಲ್‌ಫಾಸ್ಟಿನ್ಯಾಗ ಜಾನ್ ಡನ್‌ಲಪ್ ಅನ್ನೋ ದನದ ಡಾಕ್ಟರ್ ಗಾಳಿ ತುಂಬಿದ ರಬ್ಬರ್ ಟೈರಿಗೆ ಪೇಟೆಂಟ್ ತಗೊಂಡ್ರು. ಅದನ್ನ ಅವರು ಮೊದಲು ಮಾಡಿದ್ದು ಕಾರ್ಖಾನಿಗಲ್ಲ, ತಮ್ಮ ಮಗನ ಮೂರು ಗಾಲಿ ಸೈಕಲ್ಲಿಗೆ, ಹುಡುಗ ಎಗರಿ ಎಗರಿ ಬೀಳಬಾರದು ಅಂತ.

ಮೂರನೇದು ನಮ್ಮ ಕಡೆದಽ. ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನ್ಯಾಗ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವ್ಯಾಗ ಸೈಕಲ್ ಅಂಗಡಿ ತಗದದ್ದು 1888ರಾಗ. ಅಲ್ಲಿಂದ ಮುಂದ ಅವರು ಕಬ್ಬಿಣದ ನೇಗಿಲಾ, ಮೇವು ಕತ್ತರಿಸೋ ಮಷಿನ್ನು ಮಾಡಕೋತ ಬೆಳದ್ರು, 1910ರಾಗ ಕಿರ್ಲೋಸ್ಕರವಾಡಿ ಕಟ್ಟಿದ್ರು. ಗಾಲಿ ರಿಪೇರಿ ಮಾಡೋ ಅಂಗಡಿ ಮುಂದ ಕಬ್ಬಿಣದ ಕಾರ್ಖಾನಿ ಆಗೋದು ನಮ್ಮ ಸೀಮಿಗೆ ಹೊಸದಲ್ಲ ಅನ್ನಲಿಕ್ಕೆ ಇದನ್ನ ಹೇಳಿದೆ.

ಇನ್ನ ಮಷಿನ್ ನಡೀಲಿಕ್ಕೆ ಕಲತದ್ದು ಹೆಂಗ? ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಅನ್ನೋರು ಹಡಗಿನ ಬಾಯ್ಲರ್ ಸೋರೋದನ್ನ ಮುಚ್ಚೋ ಕೆಲಸದಾಗ ಇದ್ರು. 1904ರಾಗ ತಮ್ಮ ಕಂಪನಿ ತಗದ್ರು. ಬರೀ ಕಡ್ಡಿ ಹಚ್ಚಿದ್ರ ಗಾಳಿ ತಾಗಿ ಬೆಸುಗಿ ಕೆಡತಿತ್ತು, ಅದಕ್ಕ ಕಡ್ಡಿ ಮ್ಯಾಲೆ ಒಂದು ಲೇಪ ಕೊಟ್ರು. ಕರಿದ ಬಜ್ಜಿ ಒಳಗ ಮೆಣಸಿನಕಾಯಿ ಇದ್ದಂಗ, ಲೇಪದ ಒಳಗ ಕಡ್ಡಿ. ಲೇಪ ಸುಟ್ಟು ಹೊಗಿ ಆಗಿ ಬೆಸುಗಿನ ಗಾಳಿಯಿಂದ ಕಾಯತದ. ಈಗ ವಿಚಾರ ಮಾಡ್ರಿ, ಹಡಗನ್ನ ಕುಲುಮಿ ಹತ್ರ ಒಯ್ಯಲಿಕ್ಕೆ ಬರ್ತದೇನು? ಬೆಂಕಿನಽ ಹಡಗಿನ ಹತ್ರ ಹೋಗಬೇಕು.

1911ರಾಗ ಅಮೆರಿಕಾದ ಲಿಂಕನ್ ಎಲೆಕ್ಟ್ರಿಕ್ ಕಂಪನಿ ಒಬ್ಬಾಂವ ನಡಸೋವಂಥಾ, ಜಾಗಾ ಬದಲಿ ಮಾಡೋವಂಥಾ ವೆಲ್ಡಿಂಗ್ ಮಷಿನ್ ತಂತು. 1917ರಾಗ ಅಮೆರಿಕಾ ಮಹಾಯುದ್ಧಕ್ಕ ಇಳದಾಗ ಅಲ್ಲಿ ಬಂದರಿನ್ಯಾಗ ನಿಂತಿದ್ದ ಜರ್ಮನಿ ಹಡಗುಗಳನ್ನ ವಶ ಮಾಡಕೊಂಡ್ರು. ಹಡಗಿನ ಮಂದಿ ಎಂಜಿನ್ನಿನ ಬೀಡುಕಬ್ಬಿಣ ಒಡದು ಹಾಳ ಮಾಡಿಟ್ಟಿದ್ರು. ಹೊಸದಾಗಿ ಎರಕ ಹೊಯ್ದು ಮಾಡಬೇಕಂದ್ರ ಭಾಳ ದಿನ ಹಿಡೀತಿತ್ತು. ಹಡಗಿನ್ಯಾಗಽ ವೆಲ್ಡಿಂಗ್ ಮಾಡಿ ಕೆಲವು ತಿಂಗಳದಾಗ ಅವನ್ನ ಸಮುದ್ರಕ್ಕ ಬಿಟ್ರು. ಅಲ್ಲಿಂದ ಈ ವಿದ್ಯಾದ ಮ್ಯಾಲೆ ಎಲ್ಲಾರಿಗೂ ನಂಬಿಕಿ ಬಂತು. 1920ರಾಗ ಇಂಗ್ಲಂಡಿನ್ಯಾಗ 'ಫುಲಗರ್' ಅನ್ನೋ ಹಡಗನ್ನ ರಿವೆಟ್ ಇಲ್ಲದಽ ಪೂರಾ ವೆಲ್ಡಿಂಗಿನಲೆ ಕಟ್ಟಿದ್ರು.

ಇನ್ನ ಹೆಣ್ಣುಮಕ್ಕಳ ಮಾತು. ಎರಡನೇ ಮಹಾಯುದ್ಧದಾಗ, 1941ರಿಂದ 1945ರ ತನಕ, ಅಮೆರಿಕಾದಾಗ 2,710 ಲಿಬರ್ಟಿ ಹಡಗು ಕಟ್ಟಿದ್ರು. ಗಂಡಸರು ಯುದ್ಧಕ್ಕ ಹೋಗಿದ್ರು, ಹಡಗಿನಕಟ್ಟಿಗೆ ಸಾವಿರಾರು ಹೆಣ್ಣುಮಕ್ಕಳು ಬಂದು ವೆಲ್ಡಿಂಗ್ ಕಲತ್ರು. ಅಲ್ಲೆ ಮಷಿನ್ ಎತ್ತೋ ಪ್ರಶ್ನೇನಽ ಇರಲಿಲ್ಲ. ಮಷಿನ್ ಸಾಲಾಗಿ ಒಂದು ಕಡೆ ನಿಂತಿರ್ತಿದ್ವು, ಉದ್ದನ್ನ ಕೇಬಲ್ ಎಳಕೊಂಡು ಕೆಲಸದ ಜಾಗಾಕ್ಕ ಹೋಗೋದು. ಎತ್ತೋದು ತಪ್ಪಿದ ಕೂಡಲೆ, "ಇದು ಹೆಣ್ಣುಮಕ್ಕಳಿಂದ ಆಗಂಗಿಲ್ಲ" ಅನ್ನೋ ಮಾತೂ ತಪ್ಪಿತು.

ಆ ಕಾಲಕ್ಕ ಕೆಲವು ಹೊಸ ಹಡಗು ಚಳಿಯೊಳಗ ಟಪ್ಪಂತ ಸೀಳಿದ್ವು. 1943ರ ಜನೇವರ್‍ಯಾಗ 'ಸ್ಕೆನೆಕ್ಟಡಿ' ಅನ್ನೋ ಎಣ್ಣಿ ಹಡಗು ದಂಡಿಗೆ ನಿಂತಲ್ಲೇ ಎರಡು ಹೋಳಾಗೋ ಹಂಗ ಆತು. ಎಲ್ಲಾರೂ ವೆಲ್ಡಿಂಗ್ ಮ್ಯಾಲೆ ಅನುಮಾನ ಪಟ್ರು. ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ಅನ್ನೋ ಹೆಣ್ಣುಮಗಳು ಪರೀಕ್ಷಾ ಮಾಡಿ, ಆ ಉಕ್ಕಽ ಚಳಿಗೆ ಗಾಜಿನಂಗ ಬಿರುಸು ಆಗ್ತದ, ಮೂಲ ದೋಷ ಉಕ್ಕಿನ ಗುಣದಾಗ ಅದ ಅಂತ ತೋರಿಸಿಕೊಟ್ರು. ರಿವೆಟ್ ಹಡಗಿನ್ಯಾಗ ಒಂದು ಹಾಳಿ ಸೀಳಿದ್ರ ಬಿರುಕು ಅಲ್ಲೇ ನಿಲ್ಲತಿತ್ತು, ವೆಲ್ಡಿಂಗ್ ಹಡಗು ಪೂರಾ ಒಂದಽ ತುಂಡು ಆಗಿದ್ದಕ್ಕ ಬಿರುಕು ಓಡಿಕೋತ ಹೋಗತಿತ್ತು. ವೆಲ್ಡಿಂಗ್ ಮಾಡಿದವರ ಕೈಗೆ ಬರೋ ಅಪವಾದ ಹಿಂಗ ಒಬ್ಬ ಹೆಣ್ಣುಮಗಳಿಂದ ದೂರಾತು.

ನಮ್ಮ ದೇಶದಾಗ ವೆಲ್ಡಿಂಗ್ ರಾಡು ಮಾಡೋ ದೊಡ್ಡ ಕಂಪನಿಗಳು ಸ್ವಾತಂತ್ರ್ಯ ಬಂದ ಮ್ಯಾಲೆ ಎದ್ದು ನಿಂತ್ವು. 1951ರಾಗ ಸ್ವಿಟ್ಜರ್ಲಂಡಿನ ಓರ್ಲಿಕಾನ್ ಜೋಡಿ ಕೂಡಿ ಅಡ್ವಾಣಿ-ಓರ್ಲಿಕಾನ್ ಶುರು ಆತು. ಹುಬ್ಬಳ್ಳಿಯೊಳಗ ರೈಲ್ವೆ ವರ್ಕ್‌ಶಾಪು 1880ರ ದಶಕದಿಂದಽ ಅದ. ಕಬ್ಬಿಣದ ಕೆಲಸ ಬಲ್ಲವರು ಊರಾಗ ಹಂಗಽ ಬೆಳದ್ರು. ನಮ್ಮ ಮಾವನವರೂ ಆ ವರ್ಕ್‌ಶಾಪಿನ ಮಂದಿ ಕಡೆನಽ ಕೆಲಸ ಕಲತವರು. ಆಮ್ಯಾಲೆ ಸ್ವಂತ ಗ್ರಿಲ್-ಗೇಟಿನ ಅಂಗಡಿ ಹಾಕಿದ್ರು.

ಅವರು ತಗೊಂಡ ಮೊದಲನೇ ಮಷಿನ್ ಎಣ್ಣಿ ತುಂಬಿದ್ದು. ಒಳಗ ಕಬ್ಬಿಣದ ಪಟ್ಟಿಗಳ ದಿಂಡು, ಅದರ ಸುತ್ತ ತಾಮ್ರದ ತಂತಿ. ಬ್ಯಾರೆ ಏನೂ ಓಡಾಡೋ ಸಾಮಾನು ಅದರಾಗಿಲ್ಲ. ಕಂಬದ ಕರೆಂಟಿನ ವೋಲ್ಟು ಇಳಿಸಿ, ಆಂಪಿಯರ್ ಏರಿಸಿ ಕೊಡೋದಽ ಅದರ ಕೆಲಸ. ತಂತಿ ಕಾಯಬಾರದು ಅಂತ ಡಬ್ಬಿ ತುಂಬ ಎಣ್ಣಿ. ಎಲ್ಲಾ ಕೂಡಿ ಕ್ವಿಂಟಲ್ ಮ್ಯಾಲೆ. ಕಂಪನಿಯವರು ಕೆಳಗ ಗಾಲಿ ಕೊಟ್ಟಿದ್ರು ಖರೆ, ಆದ್ರ ರೊಟ್ಟಿ ತಟ್ಟೋ ಕೊಣಮಿಗೆಗಿಂತಾ ಸಣ್ಣ ಗಾಲಿ, ಅದೂ ಬೀಡಿನದು. ಅಂಗಡಿ ಕಾಂಕ್ರೀಟಿನ ಮ್ಯಾಲೆ ಅಷ್ಟಽ ಉರುಳತಿತ್ತು. ಮಣ್ಣಿನ್ಯಾಗ ಹೂತು ಹೋಗತಿತ್ತು, ಮಂದಿ ಮನಿ ನೆಲದ ಮ್ಯಾಲೆ ಎಳದ್ರ ಗೀರು ಬೀಳತಿತ್ತು. ಯಾರದರ ಮನ್ಯಾಗ ಕೆಲಸ ಅಂದ್ರ ನಾಕು ಮಂದಿ ಹಿಡದು ಟೆಂಪೋಕ್ಕ ಏರಿಸಬೇಕು, ಮತ್ತ ನಾಕು ಮಂದಿ ಇಳಿಸಬೇಕು. ಹಂಗಾಗಿ ಅದು ಯಾವತ್ತೂ ನಾಕು ಗಂಡಸರ ಕೆಲಸ.

ನಮ್ಮ ಮನಿಯವರು ಆ ಮಷಿನ್ ಜೋಡಿ 20 ವರ್ಷ ಗುದ್ದಾಡಿದ್ರು. 2009ರಾಗ ಒಂದು ದಿನ ಟೆಂಪೋದಿಂದ ಇಳಿಸೋ ಮುಂದ ನಡಾ ಹಿಡೀತು. ಡಾಕ್ಟರು ಬೆನ್ನಿನ ಡಿಸ್ಕ್ ಸರದದ, 3 ತಿಂಗಳ ಜಡ ಎತ್ತಬಾರದು ಅಂದ್ರು. ಆ 3 ತಿಂಗಳ ಅಂಗಡಿ ಬಾಗಲಾ ಅರ್ಧಾ ತಗದಿರ್ತಿತ್ತು, ಹುಡುಗೂರ ಸಾಲಿ ಫೀ ಪೂರಾ ಕೊಡಬೇಕಾಗಿತ್ತು. ನಾನು ಹಪ್ಪಳ, ಶೇಂಗಾ ಚಟ್ನಿ ಮಾಡಿ ಮಾರಿದೆ. ಗಾಲಿ ಅನ್ನೋದು ಎಷ್ಟು ದೊಡ್ಡ ಮಾತು ಅಂತ ನನಗ ತಿಳದದ್ದು ಆವಾಗ. ಯಾವ ಪುಸ್ತಕದಿಂದಲೂ ಅಲ್ಲ.

ಆಮ್ಯಾಲೆ ಇನ್ವರ್ಟರ್ ಮಷಿನ್ ಬಂದ್ವು. ಗಂಡಸರು ಅದನ್ನ ಹೆಗಲಿಗೆ ಹಾಕಿಕೊಂಡು ನಡೀತಾರ. ಇಷ್ಟು ಹಗರು ಹೆಂಗಾತು ಅಂದ್ರ, ನಮ್ಮ ಭಾಷಾದಾಗ ಹೇಳತೀನಿ. ಬಾವಿಯಿಂದ ಹಂಡೆ ತುಂಬಿಸಬೇಕಾಗೇದ. ದೊಡ್ಡ ಕೊಡದಾಗ ಸಾವಕಾಶ ತಂದು ಹಾಕಬಹುದು, ಇಲ್ಲಾ ಸಣ್ಣ ತಂಬಿಗಿಲೆ ಭಡಾಭಡಾ ಹಾಕಬಹುದು. ನಮ್ಮ ಮನಿ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಆಗ್ತದ, ಅದಕ್ಕ ದೊಡ್ಡ ಕೊಡ, ಅಂದ್ರ ದೊಡ್ಡ ಕಬ್ಬಿಣದ ದಿಂಡು ಬೇಕು. ಇನ್ವರ್ಟರಿನ್ಯಾಗ ಅದನ್ನ ಸಾವಿರಾರು ಸಲ ಆಚೀಚೆ ಮಾಡತಾರ, ಅದಕ್ಕ ತಂಬಿಗಿಯಂಥಾ ಸಣ್ಣ ದಿಂಡು ಸಾಕು.

ಹಂಗಿದ್ರ ಗಾಡಿ ಯಾಕ ಬೇಕು? ಯಾಕಂದ್ರ ಮಷಿನ್ ಹಗರಾತು, ಸಂಸಾರ ಬೆಳೀತು. ಈಗಿನ ನಮ್ಮ ಮಷಿನ್ ರಾಡಿನ ಕೆಲಸಾನೂ ಮಾಡತದ, ತಂತಿ ಸುರುಳಿ ಹಾಕಿ ಮಿಗ್ ಅನ್ನೋ ವೆಲ್ಡಿಂಗೂ ಮಾಡತದ. ಮಿಗ್ಗಿನ್ಯಾಗ ರಾಡಿನ ಲೇಪದ ಬದಲಿ ಗ್ಯಾಸ್ ಬಿಟ್ಟು ಬೆಸುಗಿ ಕಾಯತಾರ. 1948ರಾಗ ಅಮೆರಿಕಾದಾಗ ಶುರು ಆದದ್ದು ಅದು, 1953ರ ಸುಮಾರಿಗೆ ಸೋವಿಯತ್ ದೇಶದವರು ಅದಕ್ಕ ಕಾರ್ಬನ್ ಡೈಆಕ್ಸೈಡ್ ಬಳಸಿ ಸೋವಿ ಮಾಡಿದ್ರು. ಆ ಸಿಲಿಂಡರ್ ತುಂಬಿದ್ದು ನಮ್ಮ ಅಡಗಿ ಸಿಲಿಂಡರಿನ ಎರಡು ಪಟ್ಟಿಗಿಂತಾ ಜಡ. ಅದರ ಮ್ಯಾಲೆ ಎರಡು ಉದ್ದನ್ನ ಕೇಬಲ್ಲು, ಗ್ರೈಂಡರು, ಮಾರಿಗೆ ಹಿಡಿಯೋ ಹೆಲ್ಮೆಟ್ಟು, ಕೈಗವಸು, ರಾಡಿನ ಡಬ್ಬಿ, ಸುತ್ತಿಗಿ. ಅಡಗಿ ಒಲಿ ಒಂದಽ ಇದ್ರ ಅಡಗಿ ಆಗ್ತದೇನು?

ನನ್ನ ತಂಗಿ ಮಗಳು ಐಟಿಐದಾಗ ವೆಲ್ಡರ್ ಟ್ರೇಡ್ ಮುಗಿಸಿ ನಮ್ಮ ಅಂಗಡ್ಯಾಗ ಕೆಲಸಕ್ಕ ನಿಂತಾಳ. ಬಂದ ವಾರದಾಗಽ, "ದೊಡ್ಡಪ್ಪಾ, ಸಿಲಿಂಡರ್ ಸರಸಲಿಕ್ಕೆ ದಿನಾ ನಿಮ್ಮನ್ನ ಕರೀಬೇಕೇನು? ನಿಮ್ಮ ನಡಾ ಬ್ಯಾರೆ ಹಂಗ ಅದ. ಗಾಡಿ ಮಾಡೋಣು" ಅಂದ್ಳು. ಅಮೆರಿಕಾದಾಗ ಮನಿ ಶೆಡ್ಡಿನ್ಯಾಗ ವೆಲ್ಡಿಂಗ್ ಕಲಿಯೋರು ಮೊದಲು ಮಷಿನ್ನಿನ ಗಾಡಿನಽ ಮಾಡಕೊಂಡು ಕೈ ಕೂಡಿಸೋದು ರೂಢಿ ಅದ ಅಂತ. ಚೊಲೋ ರೂಢಿ. ಮಷಿನ್ ನೆಲದ ಮ್ಯಾಲೆ ಕೂತು ತನ್ನ ಗಾಡಿನ ತಾನಽ ಬೆಸೀತದ, ಆಮ್ಯಾಲೆ ಅದರ ಮ್ಯಾಲೆ ಏರಿ ಕೂಡತದ.

ಗಾಡಿ ಮಾಡಿದ ರೀತಿ ಹೇಳತೀನಿ. ಅತ್ತಿಯವರ ಹಳೇ ಕಬ್ಬಿಣದ ಮಂಚದ ಆಂಗಲ್ ಬಿಚ್ಚಿ ಚೌಕಟ್ಟು ಮಾಡಿದ್ರು. ಒಡದ ಕಪಾಟಿನ ಬಾಗಲಾ ಕತ್ತರಿಸಿ ತಳಾ ಹಾಕಿದ್ರು. ಅಗಲ 20 ಇಂಚು, ಯಾಕಂದ್ರ ನಮ್ಮ ಹಿತ್ತಲ ಬಾಗಲಾ 30 ಇಂಚು, ಎರಡೂ ಕಡೆ ಕೈ ಹೋಗಲಿಕ್ಕೆ ಜಾಗಾ ಬೇಕು. ಹಿಂದಿನ ಎರಡು ಗಾಲಿ ಗುಜರಿಯೊಳಗ ಸಿಕ್ಕ ಸ್ಕೂಟರಿನವು. ದೊಡ್ಡ ಗಾಲಿ ಹೊಸ್ತಿಲಾ, ತಗ್ಗು, ಕಲ್ಲು ಎಲ್ಲಾ ದಾಟತದ. ಮುಂದಿನ ಎರಡು ಸಣ್ಣವು, ಸುತ್ತಲೂ ತಿರುಗೋವು, ಅವಕ್ಕ ಬ್ರೇಕೂ ಅದ. ಸಿಲಿಂಡರ್ ಹಿಂದ, ದೊಡ್ಡ ಗಾಲಿ ಮ್ಯಾಲೆ ಬರೋ ಹಂಗ. ಅದರ ತಳಾ ನೆಲದಿಂದ 3 ಇಂಚಷ್ಟಽ ಎತ್ತರ. ಸಿಲಿಂಡರ್ ಎತ್ತೋದು ಬ್ಯಾಡ, ವಾಲಿಸಿ ಉರುಳಿಸಿದ್ರ ಏರತದ. ಎರಡು ಕಡೆ ಸರಪಳಿ. ಮಷಿನ್ ತಗ್ಗಿನ್ಯಾಗ ಕೂತದ, ಜಡ ತಗ್ಗಿಗೆ ಇದ್ರ ಗಾಡಿ ಮಗುಚಂಗಿಲ್ಲ. ಅದರ ಫ್ಯಾನಿಗೆ ಗಾಳಿ ಆಡಲಿ ಅಂತ ಹಿಂದ ಮುಂದ ಬಯಲು ಬಿಟ್ಟಾರ. ಕೇಬಲ್ ಸುತ್ತಲಿಕ್ಕೆ ದೊಡ್ಡ ಕೊಕ್ಕಿ ಎರಡು. ಮಳಿಗಾಲದಾಗ ಕೇಬಲ್ ಹಸೀ ನೆಲದ ಮ್ಯಾಲೆ ಬಿದ್ದು ಶಾಕ್ ಹೊಡಿಯೋ ಅಂಜಿಕಿ ಅದರಿಂದ ಕಡಿಮಿ ಆತು. ರಾಡು ತಂಪು ಹಿಡದ್ರ ಸಂಡಿಗಿಯಂಗ ಕೆಡತಾವ, ಅದಕ್ಕ ಮುಚ್ಚಳಾ ಇರೋ ಪ್ಲಾಸ್ಟಿಕ್ ಪೈಪಿನ ತುಂಡು ಬದಿಗೆ ಕಟ್ಯಾರ.

ಹಿಡಿಕಿ ಎತ್ತರ ಎಷ್ಟಿರಬೇಕು ಅನ್ನೋದಕ್ಕ ವಾದ ಆತು. ನಮ್ಮ ಮನಿಯವರು ಆಳು ಎತ್ತರ, ತಮ್ಮ ನಡದ ಮಟ್ಟಕ್ಕ ಗೆರಿ ಹಾಕಿದ್ರು. ಹುಡುಗಿ ಅದನ್ನ ಅಳಿಸಿ ತನ್ನ ನಡದ ಮಟ್ಟಕ್ಕ ಹಾಕಿದ್ಳು. "ಎತ್ತರ ಇದ್ದವರು ಚೂರು ಬಗ್ಗಬಹುದು, ಗಿಡ್ಡ ಇದ್ದವರು ಬೆಳೀಲಿಕ್ಕೆ ಬರಂಗಿಲ್ಲ" ಅಂದ್ಳು. ಅವರು ನಕ್ಕು ಅವಳು ಹಾಕಿದ ಗೆರಿಗೇ ಬೆಸದ್ರು. ಮಂಚ, ಕಪಾಟು ಮನೀವು, ಗಾಲಿ ಮತ್ತ ಸರಪಳಿಗೆ 1,400 ರೂಪಾಯಿ ಆತು.

ನಿಮ್ಮ ಮನ್ಯಾಗ ಯಾರರ ಇಂಥಾದ್ದು ಮಾಡಲಿಕ್ಕೆ ಹೊಂಟ್ರ ಮೂರು ಮಾತು ನೆಪ್ಪಿಟ್ಟು ಹೇಳ್ರಿ. ಟೈರು ಗಾಲಿಗೆ ಇದ್ದಾಗ ಆ ಗಾಲಿಗೆ ವೆಲ್ಡಿಂಗ್ ಮಾಡಬಾರದು, ಒಳಗಿನ ಗಾಳಿ ಕಾದು ಟೈರು ಸಿಡೀತದ. ಬಿಳೇ ಸತುವಿನ ಲೇಪ ಇರೋ ಪೈಪು ಇದ್ರ ಬೆಸಿಯೋ ಜಾಗಾದಾಗ ಮೊದಲು ತಿಕ್ಕಿ ತಗೀಬೇಕು, ಆ ಹೊಗಿ ಕುಡದ್ರ ರಾತ್ರಿ ಚಳಿ ಜ್ವರ ಬರ್ತದ. ಸಿಲಿಂಡರ್ ಯಾವಾಗಲೂ ನಿಂತಿರಬೇಕು, ಕಟ್ಟಿರಬೇಕು, ದೂರ ಒಯ್ಯೋ ಮುಂದ ರೆಗ್ಯುಲೇಟರ್ ಬಿಚ್ಚಿ ಟೊಪ್ಪಿಗಿ ಹಾಕಿರಬೇಕು.

ಮಷಿನ್ ಮ್ಯಾಲೆ ಕಂಪನಿ ಹೆಸರು ದೊಡ್ಡದಾಗಿ ಬರದಿರ್ತದ. ಬೆನಾರ್ದೋಸ್, ಸ್ಲಾವ್ಯಾನೋವ್ ಹೆಸರು ಪುಸ್ತಕದಾಗ ಅದಾವ. ಗಾಡಿಗೆ ಮಾತ್ರ ಯಾರ ಹೆಸರೂ ಇರಂಗಿಲ್ಲ. ಹುಬ್ಬಳ್ಳಿ ಕೈಗಾರಿಕಾ ಪ್ರದೇಶದಾಗ ಒಂದು ಸುತ್ತು ಹಾಕಿ ನೋಡ್ರಿ, ಪ್ರತಿ ಅಂಗಡಿ ಮುಂದ ಒಂದೊಂದು ನಮೂನಿ ಗಾಡಿ ನಿಂತಿರ್ತದ, ಒಂದರಂಗ ಒಂದಿಲ್ಲ. ಒಂದಕ್ಕ ಮಗುವಿನ ಸೈಕಲ್ ಗಾಲಿ, ಒಂದಕ್ಕ ಬೇರಿಂಗಽ ಗಾಲಿ. ಒಂದೊಂದರ ಹಿಂದೂ ಯಾರದೋ ನಡಾ ನೋವು ಇರ್ತದ, ಯಾರದೋ ಮನಿ ಹಳೇ ಮಂಚ ಇರ್ತದ.

ಈಗ ಮುಂಜಾನೆ ನಮ್ಮ ಹುಡುಗಿ ಒಬ್ಬಾಕಿನಽ ಗಾಡಿ ದೂಡಿಕೊಂಡು ಅಂಗಳಕ್ಕ ಬರ್ತಾಳ, ಬ್ರೇಕ್ ಹಾಕತಾಳ, ಕೆಲಸಾ ಶುರು ಮಾಡತಾಳ. ನಮ್ಮ ಮನಿಯವರಿಗೆ 60 ದಾಟೇದ, ಅಂಗಡಿ ಮುಚ್ಚೋ ಮಾತು ಆಡತಿದ್ರು, ಈಗ ಆಡೋದಿಲ್ಲ. ನಿಮ್ಮ ಮನ್ಯಾಗೂ ಕೈಲೆ ಗಾಲಿ ಹಚ್ಚಿಕೊಂಡ ಸಾಮಾನು ಇದ್ರ, ಹಿಟ್ಟಿನ ಡಬ್ಬಿ ಇರಲಿ, ಹೊಲಿಗಿ ಮಷಿನ್ ಇರಲಿ, ಯಾರು ಮಾಡಿದ್ರು, ಯಾಕ ಮಾಡಿದ್ರು ಅಂತ ಬರದು ಕಳಸ್ರಿ. ಅವರ ಹೆಸರರ ನಮ್ಮ ನಡುವ ಉಳೀಲಿ.